ಸೋಲ್ಡರಿಂಗ್ ಐರನ್ ಕಾಯುತ್ತದೆ, ಆದರೆ ಸೋಲ್ಡರ್ ಹಿಡಿಯುವುದಿಲ್ಲ: ದೋಷ ಎಲ್ಲಿದೆ?

ವಿಜಯಪುರದಲ್ಲಿ ಸಂಕ್ರಮಣ ಬಂತೆಂದರೆ ಸಿದ್ಧೇಶ್ವರ ಜಾತ್ರೆ. ಜಾತ್ರೆ ಎಂದಮೇಲೆ ದೀಪದ ಸರ, ಮೈಕು, ಆಂಪ್ಲಿಫೈಯರ್ ಎಲ್ಲವೂ ಬೇಕು. ಅವುಗಳಲ್ಲಿ ಒಂದು ವೈರ್ ಕಿತ್ತುಬಂದರೂ ಕೈಗೆ ಮೊದಲು ಸಿಗಬೇಕಾದದ್ದು ಸೋಲ್ಡರಿಂಗ್ ಐರನ್. ತಿಕೋಟಾದ ದ್ರಾಕ್ಷಿ ತೋಟದಲ್ಲಿ ಬ್ಯಾಟರಿ ಸ್ಪ್ರೇಯರ್ ನಿಂತರೂ, ಬಬಲೇಶ್ವರದ ಮನೆಯೊಂದರಲ್ಲಿ ಚಾರ್ಜರ್ ಕೆಟ್ಟರೂ ಇದೇ ಉಪಕರಣ ಬೇಕು. ಆದರೆ ಐರನ್ನೇ ಕೈಕೊಟ್ಟರೆ? ನಮ್ಮಲ್ಲಿ ಹೆಚ್ಚಿನವರು ‘ಇದರ ಶಕ್ತಿ ಸಾಲದು’ ಎಂದು ದೊಡ್ಡ ವ್ಯಾಟಿನ ಇನ್ನೊಂದನ್ನು ಕೊಳ್ಳುತ್ತೇವೆ. ಕೆಲವು ದಿನಗಳಲ್ಲಿ ಅದೂ ಹಾಗೆಯೇ ಆಗುತ್ತದೆ. ಏಕೆಂದರೆ ಅನೇಕ ಸಲ ದೋಷ ವ್ಯಾಟಿನಲ್ಲಿ ಇರುವುದೇ ಇಲ್ಲ.

ಒಳಗೆ ಏನಿದೆ?

ಸಾಮಾನ್ಯ 25 ವ್ಯಾಟಿನ ಐರನ್‌ನಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ. ಕರೆಂಟ್ ತರುವ ವೈರ್, ಶಾಖ ಹುಟ್ಟಿಸುವ ಎಲಿಮೆಂಟ್, ಆ ಶಾಖವನ್ನು ಕೆಲಸದ ಜಾಗಕ್ಕೆ ಮುಟ್ಟಿಸುವ ಬಿಟ್. ಎಲಿಮೆಂಟ್ ಎಂದರೆ ಅಭ್ರಕದ ಮೇಲೆ ಸುತ್ತಿದ ತೆಳು ನಿಕ್ರೋಮ್ ತಂತಿ. ಬಿಟ್ ಎಂದರೆ ತಾಮ್ರದ ಕಡ್ಡಿ. ಯಾವ ತೊಂದರೆ ಬಂದರೂ ಈ ಮೂರರಲ್ಲಿ ಎಲ್ಲಿ ಕೊಂಡಿ ತಪ್ಪಿದೆ ಎಂದು ಮೊದಲು ಹುಡುಕಬೇಕು.

ಅದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಐರನ್ ಹಚ್ಚಿ ಐದು ನಿಮಿಷ ಬಿಟ್ಟು, ಸೋಲ್ಡರ್ ತಂತಿಯನ್ನು ಬಿಟ್‌ನ ತುದಿಗೆ ತಾಗಿಸಿ. ತಂತಿ ಕರಗದಿದ್ದರೆ ಶಾಖದ ತೊಂದರೆ. ಕರಗಿ, ಅಂಟಿಕೊಳ್ಳದೆ ಗುಂಡಾಗಿ ಉರುಳಿಬಿದ್ದರೆ ಶಾಖ ಸಾಕಷ್ಟಿದೆ, ಬಿಟ್‌ನ ಮೈ ಕೆಟ್ಟಿದೆ. ಈ ಎರಡಕ್ಕೂ ಮದ್ದು ಬೇರೆ ಬೇರೆ.

ಸ್ವಲ್ಪವೂ ಕಾಯದಿದ್ದರೆ

ಮೊದಲು ಪ್ಲಗ್ ಕಿತ್ತಿಡಿ. ಮುಂದಿನ ಪರೀಕ್ಷೆಗಳೆಲ್ಲ ಕರೆಂಟ್ ಇಲ್ಲದೆಯೇ ಆಗಬೇಕು.

ಹಲವರು ಸೀರೀಸ್ ಬಲ್ಬ್ ಹಾಕಿ ನೋಡುತ್ತಾರೆ. 100 ವ್ಯಾಟಿನ ಬಲ್ಬ್ ಹೊತ್ತಲಿಲ್ಲ ಎಂದರೆ ಎಲಿಮೆಂಟ್ ಸುಟ್ಟಿದೆ ಎಂಬುದು ಅವರ ತೀರ್ಮಾನ. ಇದು ತಪ್ಪು. 25 ವ್ಯಾಟಿನ ಎಲಿಮೆಂಟ್‌ನ ರೋಧ ದೊಡ್ಡದು. ಹೀಗಾಗಿ 230 ವೋಲ್ಟಿನಲ್ಲಿ ಬಹುಪಾಲನ್ನು ಅದೇ ತೆಗೆದುಕೊಂಡು, ಬಲ್ಬಿಗೆ ಕೆಲವೇ ವೋಲ್ಟ್ ಉಳಿಯುತ್ತದೆ. ಎಲಿಮೆಂಟ್ ಚೆನ್ನಾಗಿದ್ದರೂ ಬಲ್ಬ್ ಹೊತ್ತುವುದಿಲ್ಲ. ಸೀರೀಸ್ ಬಲ್ಬ್ ಇಸ್ತ್ರಿ ಪೆಟ್ಟಿಗೆಗೆ ಸರಿ, ಈ ಚಿಕ್ಕ ಐರನ್‌ಗೆ ಅಲ್ಲ.

ಮಲ್ಟಿಮೀಟರ್ ಇದ್ದರೆ ಉತ್ತರ ನೇರವಾಗಿ ಸಿಗುತ್ತದೆ. ಲೆಕ್ಕ ಹೀಗಿದೆ: 230ನ್ನು 230ರಿಂದ ಗುಣಿಸಿ, ವ್ಯಾಟಿನಿಂದ ಭಾಗಿಸಿ. 25 ವ್ಯಾಟಿಗೆ ಸುಮಾರು 2,100 ಓಮ್, 40 ವ್ಯಾಟಿಗೆ 1,300, 60 ವ್ಯಾಟಿಗೆ 880. ಪ್ಲಗ್‌ನ ಎರಡು ಪಿನ್‌ಗಳ ನಡುವೆ ಇದರ ಆಸುಪಾಸಿನ ಅಂಕಿ ಕಾಣಬೇಕು. ಸೆರಾಮಿಕ್ ಹೀಟರ್ ಇರುವ ಐರನ್ ತಣ್ಣಗಿರುವಾಗ ಇದಕ್ಕಿಂತ ಕಡಿಮೆ ತೋರಿಸಬಹುದು.

ಇಲ್ಲೊಂದು ಎಚ್ಚರಿಕೆ. ಅಗ್ಗದ ಮೀಟರುಗಳಲ್ಲಿ 2000 ಓಮ್‌ನ ರೇಂಜ್ ಇರುತ್ತದೆ. ಅದರಲ್ಲಿಟ್ಟು ಅಳೆದರೆ 2,100 ಓಮ್ ಅಳತೆ ಮೀರಿ, ತಂತಿ ತುಂಡಾದಾಗ ತೋರಿಸುವ ‘1’ ಅನ್ನೇ ತೋರಿಸುತ್ತದೆ. ಒಳ್ಳೆಯ ಎಲಿಮೆಂಟನ್ನು ಎಸೆಯುವ ಮೊದಲು ಮೀಟರನ್ನು 20ಕೆ ರೇಂಜಿಗೆ ತಿರುಗಿಸಿ.

ಅಲ್ಲಿಯೂ ಏನೂ ಕಾಣದಿದ್ದರೆ, ಹಿಡಿಯೊಳಗೆ ವೈರ್ ಹೊಗುವ ಜಾಗವನ್ನು ಮೆಲ್ಲಗೆ ಬಾಗಿಸಿ ನೋಡಿ. ದಿನಾ ಮಡಚಿ ಮಡಚಿ ವೈರ್ ಒಳಗೇ ತುಂಡಾಗುವುದು ಹೆಚ್ಚಾಗಿ ಅಲ್ಲಿಯೇ. ಅಂಕಿ ಬಂದು ಹೋಗುತ್ತಿದ್ದರೆ ವೈರ್ ಬದಲಿಸಿ. ಬರದಿದ್ದರೆ ಹಿಡಿ ಬಿಚ್ಚಿ, ಎಲಿಮೆಂಟಿನ ಎರಡು ತುದಿಗಳನ್ನೇ ಅಳೆಯಿರಿ. ಅಲ್ಲಿ ಅಂಕಿ ಬಂದರೆ ದೋಷ ವೈರಿನದು, ಬರದಿದ್ದರೆ ಎಲಿಮೆಂಟ್ ಹೋಗಿದೆ. ಎಲಿಮೆಂಟ್ ಬಿಡಿಯಾಗಿ ಸಿಗುವ ಮಾದರಿಗಳಲ್ಲಿ ಅದೊಂದನ್ನೇ ಬದಲಿಸಿದರೆ ಸಾಕು.

ಕಾಯುತ್ತದೆ, ಆದರೆ ಸಾಲದು

ಇದಕ್ಕೆ ಮೊದಲ ಕಾರಣ ವೋಲ್ಟೇಜ್. ಉದ್ದನೆಯ ಲೈನಿನ ತುದಿಯಲ್ಲಿರುವ ತೋಟದ ಮನೆಯಲ್ಲಿ, ಸುತ್ತಲಿನ ಪಂಪ್‌ಸೆಟ್‌ಗಳೆಲ್ಲ ಓಡುವಾಗ ವೋಲ್ಟೇಜ್ ಇಳಿಯುತ್ತದೆ. 230 ಇರಬೇಕಾದದ್ದು 180ಕ್ಕೆ ಇಳಿದರೆ 25 ವ್ಯಾಟಿನ ಐರನ್ ಕೊಡುವುದು ಸುಮಾರು 15 ವ್ಯಾಟ್ ಮಾತ್ರ. ಆಗ ಐರನ್ ಬದಲಿಸುವುದಕ್ಕಿಂತ ಕೆಲಸದ ಹೊತ್ತು ಬದಲಿಸುವುದು ಲೇಸು.

ಎರಡನೆಯದು ಸಡಿಲ ಬಿಟ್. ಬಿಟ್ ಮತ್ತು ಎಲಿಮೆಂಟಿನ ಕೊಳವೆಯ ನಡುವೆ ಗಾಳಿ ಅಥವಾ ಸುಟ್ಟ ಪುಡಿ ತುಂಬಿದರೆ ಶಾಖ ದಾಟುವುದಿಲ್ಲ. ಐರನ್ ತಣ್ಣಗಾದ ಮೇಲೆ ಸ್ಕ್ರೂ ಸಡಿಲಿಸಿ ಬಿಟ್ ಹೊರತೆಗೆದು, ಪುಡಿ ಕೊಡವಿ ಮತ್ತೆ ಪೂರ್ತಿ ಒಳಗೆ ಕೂರಿಸಿ. ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಬಿಟ್ ಒಳಗೇ ಸಿಕ್ಕಿಕೊಳ್ಳುವುದೂ ತಪ್ಪುತ್ತದೆ. ಸಿಕ್ಕಿಕೊಂಡ ಬಿಟ್ಟನ್ನು ಬಡಿದು ತೆಗೆಯಬೇಡಿ, ಒಳಗಿನ ಅಭ್ರಕ ಒಡೆಯುತ್ತದೆ.

ಯುಎಸ್‌ಬಿ ಐರನ್ ಆದರೆ ಚಾರ್ಜರ್ ನೋಡಿ. 5 ವೋಲ್ಟಿನಲ್ಲಿ 8 ವ್ಯಾಟ್ ಬೇಕೆಂದರೆ 1.6 ಆಂಪಿಯರ್ ಹರಿಯಬೇಕು. ಅರ್ಧ ಆಂಪಿಯರ್ ಕೊಡುವ ಹಳೆಯ ಕಂಪ್ಯೂಟರ್ ಪೋರ್ಟಿಗೆ ಸಿಕ್ಕಿಸಿದರೆ ಅದು ಬೆಚ್ಚಗಾದೀತು ಅಷ್ಟೆ.

ಕರಗುತ್ತದೆ, ಹಿಡಿಯುವುದಿಲ್ಲ

ತಾಮ್ರದ ಹಂಡೆಗೆ ಕಲಾಯಿ ಹಾಕುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕಲಾಯಿಯವರು ಪಾತ್ರೆಯನ್ನು ಎಷ್ಟೇ ಕಾಯಿಸಿದರೂ, ನವಸಾಗರ ಹಾಕಿ ಒರೆಸದೆ ತವರ ಹಿಡಿಯುವುದಿಲ್ಲ. ಲೋಹದ ಮೇಲಿನ ಆಕ್ಸೈಡ್ ಪದರ ತವರವನ್ನು ದೂರವಿಡುತ್ತದೆ. ಸೋಲ್ಡರಿನಲ್ಲಿ ಇರುವುದೂ ತವರವೇ. ಬಿಟ್ ಕಪ್ಪಾದರೆ ಅದೇ ಕಥೆ. ದೊಡ್ಡ ವ್ಯಾಟಿನ ಐರನ್ ತಂದರೆ ಬಿಟ್ ಇನ್ನಷ್ಟು ಬೇಗ ಕಪ್ಪಾಗುತ್ತದೆ.

ಹಾಗಾದರೆ ಫೈಲ್ ಹಾಕಿ ಉಜ್ಜಬಹುದೇ? ಬರಿ ತಾಮ್ರದ ಬಿಟ್ ಆದರೆ ಉಜ್ಜಬಹುದು. ಆದರೆ ಈಗಿನ ಹಲವು ಬಿಟ್‌ಗಳಿಗೆ ಕಬ್ಬಿಣದ ತೆಳು ಲೇಪ ಇರುತ್ತದೆ. ತಾಮ್ರ ಸೋಲ್ಡರಿನಲ್ಲಿ ಕರಗಿ ಸವೆಯದಿರಲಿ ಎಂದೇ ಆ ಲೇಪ. ಒಮ್ಮೆ ಉಜ್ಜಿದರೆ ಲೇಪ ಹೋಗಿ, ತುದಿಯಲ್ಲಿ ಕುಳಿ ಬೀಳುತ್ತದೆ. ಯಾವುದು ಎಂದು ತಿಳಿಯಲು ತಣ್ಣಗಿರುವ ಬಿಟ್‌ಗೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಲೇಪ ಇದೆ, ಉಜ್ಜಬೇಡಿ.

ಲೇಪದ ಬಿಟ್‌ಗೆ ಬೇಕಾದದ್ದು ಒದ್ದೆ ಸ್ಪಂಜು, ರಾಳದ ಫ್ಲಕ್ಸ್ ಮತ್ತು ತಾಳ್ಮೆ. ಬಿಸಿ ಬಿಟ್ಟನ್ನು ಫ್ಲಕ್ಸಿಗೆ ಅದ್ದಿ, ಸೋಲ್ಡರ್ ಹಚ್ಚಿ, ಒರೆಸಿ. ಮತ್ತೆ ಮತ್ತೆ ಹೀಗೆ ಮಾಡಿದರೆ ಬಿಟ್ ಬೆಳ್ಳಗಾಗುತ್ತದೆ. ಕೆಲಸ ಮುಗಿದ ಮೇಲೆ ಬಿಟ್ಟನ್ನು ಒರೆಸಿಡುವುದು ಹಲವರ ಅಭ್ಯಾಸ. ಅದರ ಬದಲು, ಕೊನೆಗೆ ಒಂದು ಹನಿ ಸೋಲ್ಡರ್ ಹಚ್ಚಿಯೇ ಆರಿಸಿ. ಆ ಕಲಾಯಿ ಬಿಟ್ಟನ್ನು ಗಾಳಿಯಿಂದ ಕಾಯುತ್ತದೆ. ಅರ್ಧ ಗಂಟೆ ಕೆಲಸವಿಲ್ಲದಿದ್ದರೆ ಸ್ವಿಚ್ ಆರಿಸುವುದನ್ನೂ ಮರೆಯಬೇಡಿ.

ಕೈಗೆ ಚುರುಕು ಎಂದರೆ?

ಇದನ್ನು ಮಾತ್ರ ‘ಇರಲಿ ಬಿಡು’ ಎನ್ನಬಾರದು. ಪ್ಲಗ್ ಕಿತ್ತಿಟ್ಟು, ಮೀಟರನ್ನು ಅತಿ ದೊಡ್ಡ ಓಮ್ ರೇಂಜಿಗಿಟ್ಟು, ಒಂದೊಂದೇ ಪಿನ್ ಮತ್ತು ಬಿಟ್ ನಡುವೆ ಅಳೆಯಿರಿ. ಯಾವುದೇ ಅಂಕಿ ಬಂದರೆ ಕರೆಂಟ್ ಸೋರುತ್ತಿದೆ, ಆ ಎಲಿಮೆಂಟ್ ಬಳಸಬೇಡಿ. ಮೂರು ಪಿನ್‌ನ ಐರನ್‌ನಲ್ಲಿ ಅರ್ತ್ ಪಿನ್ ಮತ್ತು ಬಿಟ್ ನಡುವೆ ಮಾತ್ರ ಸೊನ್ನೆಗೆ ಹತ್ತಿರದ ಅಂಕಿ ಬರಲೇಬೇಕು. ಆ ಮೂರನೇ ಪಿನ್ ಮುರಿದು ಎರಡು ಪಿನ್‌ನ ಸಾಕೆಟ್ಟಿಗೆ ತುರುಕುವುದು ಜೀವಕ್ಕೇ ಅಪಾಯ. ಬಿಸಿ ಬಿಟ್ ತಾಗಿ ಸುಟ್ಟ ವೈರಿಗೆ ಬರಿ ಟೇಪ್ ಸುತ್ತುವುದೂ ಅಷ್ಟೇ ಅಪಾಯ.

ಹೊಗೆಯಲ್ಲಿ ಸೀಸ ಇದೆಯೇ?

60/40 ಸೋಲ್ಡರ್ ಎಂದರೆ 60 ಪಾಲು ತವರ, 40 ಪಾಲು ಸೀಸ. ಅದು 190 ಡಿಗ್ರಿ ಸೆಲ್ಸಿಯಸ್ ಹತ್ತಿರ ಕರಗುತ್ತದೆ. ಬಿಟ್ ಸಾಮಾನ್ಯವಾಗಿ 350 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಸೀಸ ಕುದಿಯಲು 1,700 ಡಿಗ್ರಿಗೂ ಹೆಚ್ಚು ಬೇಕು. ಆದ್ದರಿಂದ ಏಳುವ ಬಿಳಿ ಹೊಗೆ ಮುಖ್ಯವಾಗಿ ಸೀಸದ್ದಲ್ಲ, ರಾಳದ್ದು. ಹಾಗೆಂದು ಅದು ನಿರಪಾಯವೂ ಅಲ್ಲ. ದಿನಾ ಕುಡಿದರೆ ಉಬ್ಬಸ ತರುತ್ತದೆ. ಕಿಟಕಿ ತೆರೆದಿಟ್ಟು, ಮುಖವನ್ನು ಪಕ್ಕಕ್ಕಿಟ್ಟು ಕೆಲಸ ಮಾಡಿ.

ಸೀಸ ಮೈ ಸೇರುವ ದಾರಿ ಬೇರೆ: ಸೋಲ್ಡರ್ ಹಿಡಿದ ಬೆರಳಿಂದ ರೊಟ್ಟಿಗೆ, ರೊಟ್ಟಿಯಿಂದ ಬಾಯಿಗೆ. ಮಕ್ಕಳ ಮಿದುಳಿಗೆ ಸೀಸ ಎಷ್ಟು ಕಡಿಮೆಯಾದರೂ ಕೆಡುಕೇ. ಸೋಲ್ಡರ್ ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯಬೇಡಿ. ಊಟಕ್ಕೆ ಮೊದಲು, ಮನೆಗೆ ಹೋಗಿ ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ.

ಮುಂದಿನ ಸಲ ಐರನ್ ಕೈಕೊಟ್ಟಾಗ ಅಂಗಡಿಗೆ ಓಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಕರೆಂಟ್ ಬರುತ್ತಿದೆಯೇ? ಶಾಖ ಹುಟ್ಟುತ್ತಿದೆಯೇ? ಹುಟ್ಟಿದ ಶಾಖ ಬಿಟ್‌ನ ತುದಿ ದಾಟುತ್ತಿದೆಯೇ? ಬಹಳ ಸಲ ‘ಇಲ್ಲ’ ಎಂಬ ಉತ್ತರ ಬರುವುದು ಮೂರನೆಯದಕ್ಕೆ. ಅದಕ್ಕೆ ಬೇಕಾದದ್ದು ಒದ್ದೆ ಸ್ಪಂಜು ಮತ್ತು ಒಂದು ಹನಿ ಸೋಲ್ಡರ್.