ಉತಾರದಲ್ಲಿ ಹೆಸರಿಲ್ಲದವರನ್ನು ಕೇಳುವವರು ಯಾರು?

ಸವದತ್ತಿ ತಾಲ್ಲೂಕಿನಲ್ಲಿ ನವಿಲುತೀರ್ಥದ ರೇಣುಕಾಸಾಗರದ ನೀರನ್ನು ಮೇಲೆತ್ತಿ, ಇಳಿಸಿ ವಿದ್ಯುತ್ ತೆಗೆಯುವ ಗ್ರೀನ್‌ಕೋ ಕಂಪನಿಯ ಪಂಪ್ಡ್ ಸ್ಟೋರೇಜ್‌ನಂಥ ಯೋಜನೆಗೆ ಪರಿಸರ ಅನುಮತಿ ಬೇಕು. ಊರವರ ಅಹವಾಲು ಆಲಿಸುವ ಸಭೆ ಆ ದಾರಿಯ ಒಂದು ಹಂತ. ಅದೇ ತಾಲ್ಲೂಕಿನ ಎರಿ ಹೊಲದಲ್ಲಿ ಸಾವಿರ ಎಕರೆ ಸೌರ ಫಲಕ ಹಾಕುವವರಿಗೆ ಆ ಅನುಮತಿಯೇ ಬೇಡ. 2006ರ ಪರಿಸರ ಪರಿಣಾಮ ಅಧಿಸೂಚನೆ ಸೌರ ಫಲಕಗಳ ಯೋಜನೆಗೆ ಅನ್ವಯಿಸುವುದಿಲ್ಲ ಎಂದು ಕೇಂದ್ರದ ಪರಿಸರ ಸಚಿವಾಲಯ 2011ರಲ್ಲೇ ಸ್ಪಷ್ಟಪಡಿಸಿದೆ. ಹೊಗೆಯಿಲ್ಲ, ಬೂದಿಯಿಲ್ಲ ಎಂದು ಕೊಟ್ಟ ವಿನಾಯಿತಿಯ ಜೊತೆಗೇ ಊರನ್ನು ಕೇಳುವ ಸಭೆಯೂ ಹೋಯಿತು.

ಇನ್ನೊಂದು ಬಾಗಿಲೂ ಹೀಗೆಯೇ ಮುಚ್ಚಿದೆ. ಖಾಸಗಿ ಕಂಪನಿಗಾಗಿ ಸರ್ಕಾರ ಭೂಸ್ವಾಧೀನಕ್ಕೆ ಇಳಿದರೆ 2013ರ ಕಾಯ್ದೆಯಂತೆ ಜಮೀನು ಕಳೆದುಕೊಳ್ಳುವ ಕುಟುಂಬಗಳಲ್ಲಿ ಶೇ 80ರಷ್ಟು ಒಪ್ಪಬೇಕು. ಮೂರು ವರ್ಷಗಳಿಂದ ಆ ಭೂಮಿಯನ್ನೇ ನಂಬಿದ ಕೂಲಿಗಳು, ಗೇಣಿದಾರರು ಕೂಡ ಅದರಲ್ಲಿ ಬಾಧಿತರ ಪಟ್ಟಿಗೆ ಸೇರುತ್ತಾರೆ. ಆದರೆ ಜಮೀನನ್ನು ಕೊಳ್ಳದೆ, ವಶಪಡಿಸಿಕೊಳ್ಳದೆ, ಬರೀ ಲೀಸಿಗೆ ಹಿಡಿದರೆ? ಆಗ ಅದು ಮಾಲೀಕ ಮತ್ತು ಕಂಪನಿಯ ನಡುವಿನ ವ್ಯವಹಾರ ಮಾತ್ರ. ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಬಿದ್ದರೆ ಮುಗಿಯಿತು.

ಪಾವಗಡದಲ್ಲಿ ಆದದ್ದು ಇದೇ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ‘ಶಕ್ತಿಸ್ಥಳ’ ಎದ್ದಿತು. ಅದರ ಮೊದಲ ಹಂತ 2018ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ರೈತರ ಭೂಮಿ ರೈತರ ಹೆಸರಲ್ಲೇ ಉಳಿಯಿತು, ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಬರದ ಮೇಲೆ ಬರ ಕಂಡ ಸೀಮೆಗೆ ಇದು ಸಣ್ಣ ಮಾತಲ್ಲ. ಸ್ವಾಧೀನದ ಬದಲು ಬಾಡಿಗೆ ಎಂಬ ಈ ಮಾದರಿಗೆ ಸಿಕ್ಕ ಹೊಗಳಿಕೆ ಸುಮ್ಮನೆ ಬಂದದ್ದೂ ಅಲ್ಲ.

ಆದರೆ ಬಾಡಿಗೆ ಬಂದದ್ದು ಹೊಲ ಇದ್ದವರಿಗೆ. ಹೆಚ್ಚು ಹೊಲ ಇದ್ದವರಿಗೆ ಹೆಚ್ಚು. ಅವರ ಹೊಲದಲ್ಲಿ ಶೇಂಗಾ ಕಿತ್ತು ಕೂಲಿ ಪಡೆಯುತ್ತಿದ್ದವರಿಗೆ ಸಿಕ್ಕಿದ್ದು ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲವೇ ಕೆಲಸಗಳು. ಕುರಿ ಕಾಯುವವರಿಗೆ ಅದೂ ಇಲ್ಲ, ಬೇಲಿ ಸುತ್ತಿ ಹೋಗುವ ದೂರ ಮಾತ್ರ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಒಂದು ಹೊಲವನ್ನು ಹತ್ತಿರದಿಂದ ನೋಡಿದರೆ ಈ ಲೆಕ್ಕ ಇನ್ನೂ ಸಿಕ್ಕುಸಿಕ್ಕು. ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಹೆಸರು ಒಬ್ಬರದು, ಅವರು ಬೆಳಗಾವಿಯಲ್ಲೋ ಪುಣೆಯಲ್ಲೋ ನೌಕರಿಯಲ್ಲಿರಬಹುದು. ಬಿತ್ತುವವರು ಲಾವಣಿ ಹಿಡಿದ ಇನ್ನೊಬ್ಬರು, ಬಾಯಿಮಾತಿನ ಕರಾರು, ಕಾಗದವಿಲ್ಲ. ಕಸ ತೆಗೆಯಲು, ಹತ್ತಿ ಬಿಡಿಸಲು, ಹಿಂಗಾರಿ ಜೋಳ ಕೀಳಲು ಬರುವ ಹೆಣ್ಣಾಳುಗಳು ಬೇರೆ ಓಣಿಯವರು. ಸುಗ್ಗಿ ಮುಗಿದ ಮೇಲೆ ಅದೇ ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ. ಹೊಲದವರಿಗೆ ಗೊಬ್ಬರ, ಕುರುಬರಿಗೆ ಕಾಳೋ ದುಡ್ಡೋ. ಕಣಿಕೆ ಯಾರದೋ ಎತ್ತಿಗೆ, ಒಡ್ಡಿನ ಮೇಲಿನ ಹುಲ್ಲು ಯಾರದೋ ಎಮ್ಮೆಗೆ. ಲೀಸಿನ ಕಾಗದಕ್ಕೆ ಇವರಲ್ಲಿ ಕಾಣುವುದು ಒಬ್ಬರೇ.

ಗೋಮಾಳಕ್ಕೆ ಕೈ ಹಾಕಿದರೆ ಆ ಒಬ್ಬರೂ ಇರುವುದಿಲ್ಲ. ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಅಮೃತಮಹಲ್ ಕಾವಲನ್ನು ರಕ್ಷಣಾ, ಅಣು ಸಂಶೋಧನಾ ಸಂಸ್ಥೆಗಳ ಜೊತೆ ಒಂದು ಸೌರ ಕಂಪನಿಗೂ ಕೊಟ್ಟಾಗ ಸುತ್ತಲ ದನಗಾಹಿಗಳಿಗೆ ಸುದ್ದಿ ಮುಟ್ಟಿಸಿದ್ದು ಕಾವಲಿನ ಸುತ್ತ ಎದ್ದ ಗೋಡೆ. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು.

ಮಳೆ ನಂಬಿ ಬಿತ್ತಿ ಬೀಜದ ದುಡ್ಡೂ ಹುಟ್ಟದೆ ಕೂತ ರೈತನಿಗೆ ಫಲಕ ಬೇಡವೆನ್ನಲು ಯಾರಿಗೂ ಹಕ್ಕಿಲ್ಲ. ಎಲ್ಲ ಸೌರ ಯೋಜನೆಯೂ ಪಾವಗಡದಷ್ಟು ದೊಡ್ಡದಾಗಿರಬೇಕೆಂದೂ ಇಲ್ಲ. ಒಂದು ಮೆಗಾವಾಟ್‌ಗೆ ಹೆಚ್ಚುಕಡಿಮೆ ನಾಲ್ಕು ಎಕರೆ ಸಾಕು. ಪಿಎಂ ಕುಸುಮ್‌ನ ‘ಸಿ’ ಘಟಕದಲ್ಲಿ ವಿದ್ಯುತ್ ಉಪಕೇಂದ್ರದ ಪಕ್ಕದಲ್ಲೇ ಸಣ್ಣ ಸ್ಥಾವರ ಹಾಕಿ ಪಂಪ್‌ಸೆಟ್‌ಗೆ ಹಗಲು ಕರೆಂಟ್ ಕೊಡಬಹುದು. ರಾತ್ರಿ ಪಾಳಿಯಲ್ಲಿ ಹಾವು-ಚೇಳಿಗೆ ಅಂಜುತ್ತ ನೀರು ಹಾಯಿಸುವವರಿಗೆ ಅದರ ಬೆಲೆ ಗೊತ್ತು.

ಕೇಳದೆ ಹೇರಿದ್ದರ ಪರಿಣಾಮ ಮಲಪ್ರಭೆಯ ದಂಡೆಗೆ ಹೊಸದಲ್ಲ. ಇದೇ ನವಿಲುತೀರ್ಥದ ನೀರಾವರಿಗೆ ಸರ್ಕಾರ ಹೇರಿದ ಅಭಿವೃದ್ಧಿ ಕರದ ವಿರುದ್ಧ ರೈತರು ಎದ್ದರು. 1980ರ ಜುಲೈ 21ರಂದು ನರಗುಂದದಲ್ಲಿ ಗೋಲಿಬಾರ್ ಆಯಿತು. ಜಲಾಶಯವನ್ನು ಯಾರೂ ಬೇಡವೆಂದಿರಲಿಲ್ಲ. ಕಾಲುವೆಯಲ್ಲಿ ನೀರು ಬಾರದ ಹೊಲಕ್ಕೂ ಕರ ಬಂತೆಂಬುದೇ ಸಿಟ್ಟು.

ಹಾಗಾದರೆ ಕೇಳುವ ಜಾಗ ಯಾವುದು? 1993ರ ಪಂಚಾಯತ್ ರಾಜ್ ಕಾಯ್ದೆಯ ಗ್ರಾಮಸಭೆ ಇದ್ದೇ ಇದೆ. ಅಲ್ಲಿ ಮತದಾರರೆಲ್ಲ ಸದಸ್ಯರು, ಉತಾರ ಕೇಳುವವರಿಲ್ಲ. ಆದರೆ ಗ್ರಾಮಸಭೆ ಹೇಗೆ ನಡೆಯುತ್ತದೆ ಎಂಬುದು ಊರಿಗೆಲ್ಲ ಗೊತ್ತಿರುವ ಗುಟ್ಟು, ಸಹಿ ಪುಸ್ತಕ ಮನೆಮನೆ ತಿರುಗುತ್ತದೆ. ಆದ್ದರಿಂದ ಡಂಗುರ ಸಾರಿ, ನಕ್ಷೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ, ಲೀಸಿನ ಕರಾರನ್ನು ಕನ್ನಡದಲ್ಲಿ ಓದಿ ಹೇಳುವ ವಿಶೇಷ ಸಭೆಯೇ ಬೇಕು, ಅದೂ ಕರಾರಿಗೆ ಸಹಿ ಬೀಳುವ ಮೊದಲು. ಫಲಕ ತೊಳೆಯುವ ನೀರು ಯಾವ ಬೋರ್‌ವೆಲ್‌ನದು, ಬೇಲಿಯಾಚೆಯ ಹೊಲಕ್ಕೆ ಚಕ್ಕಡಿ ಹೋಗುವ ದಾರಿ ಯಾವುದು, ಕುರಿಹಿಂಡು ಎಲ್ಲಿ ದಾಟಬೇಕು, ಕೂಲಿ ಕಳೆದುಕೊಂಡವರಿಗೆ ಬಾಡಿಗೆಯಲ್ಲಿ ಪಾಲುಂಟೋ, ಲೀಸು ಮುಗಿದ ಮೇಲೆ ಕಂಬದ ಕಾಂಕ್ರೀಟ್ ಕೀಳುವ ಖರ್ಚು ಯಾರದು: ಇಷ್ಟೂ ಠರಾವಿನಲ್ಲಿ ಬರಹವಾಗಬೇಕು. ಸೌರ ಯೋಜನೆಗಳ ಹೊಣೆ ಹೊತ್ತ ಕ್ರೆಡಲ್, ಕಂಪನಿಯ ಅರ್ಜಿಯ ಜೊತೆಗೆ ಆ ಠರಾವಿನ ನಕಲನ್ನೂ ಕೇಳುವಂತೆ ಇಂಧನ ಇಲಾಖೆ ಆದೇಶ ಹೊರಡಿಸಲಿ.