ಬ್ಲಾಕ್‌ಚೈನ್ ಐತಿ ಅಂದ್ರ ಸಾಕಾ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ನಮಗೆ ಚೀಟಿ ಹೊಸದಲ್ಲ. ಚೀಟಿ ಅನ್ನಿ, ಭಿಶಿ ಅನ್ನಿ, ನೇಕಾರರ ಮನೆಯಲ್ಲೂ ಕಬ್ಬು ಬೆಳೆಯುವವರ ಮನೆಯಲ್ಲೂ ಅದರ ಮಾತು ಇದ್ದದ್ದೇ. ಈಗ ಮೊಬೈಲಿನಲ್ಲಿ ಅದರ ಹೊಸ ತಮ್ಮ ಬಂದಿದ್ದಾನೆ: ಕ್ರಿಪ್ಟೊ ಲಾಟರಿ. ಎಲ್ಲರೂ ಒಂದಿಷ್ಟು ಕಾಯಿನ್ ಹಾಕೋದು, ಡ್ರಾದಲ್ಲಿ ಒಬ್ಬರಿಗೆ ಹೋಗೋದು. ಅನುಮಾನದಿಂದ ಕೇಳಿದ್ರೆ ಸಿಗೋದು ಒಂದೇ ಉತ್ತರ: “ಎಲ್ಲಾ ಬ್ಲಾಕ್‌ಚೈನ್ ಮ್ಯಾಲ ಐತಿ, ಮೋಸ ಆಗೂದಿಲ್ಲ.”

ಇಂಜಿನಿಯರಿಂಗ್ ಓದುವ ನಾವು ಈ ಮಾತಿಗೆ ಸುಮ್ಮನೆ ತಲೆಯಾಡಿಸಬಾರದು.

ಬ್ಲಾಕ್‌ಚೈನ್ ಉಪಯೋಗವಿಲ್ಲ ಅಂತಲ್ಲ. ಮೊದಲು ಟಿಕೆಟ್ ಪಟ್ಟಿ ಮುಚ್ಚಿ ಎಲ್ಲರಿಗೂ ತೋರಿಸಬೇಕು. ಆಮೇಲೆ ಬರಲಿರುವ ಬಿಟ್‌ಕಾಯಿನ್ ಬ್ಲಾಕ್ ಒಂದರ ನಂಬರನ್ನು ಮುಂಚೆಯೇ ಹೇಳಬೇಕು. ಆ ಬ್ಲಾಕಿನ ಹ್ಯಾಶ್ ಅನ್ನು ಟಿಕೆಟ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಉಳಿಯುವ ಶೇಷವೇ ಗೆದ್ದ ನಂಬರ್. ಬನಹಟ್ಟಿಯಲ್ಲಿ ಕೂತವರೂ ಇದನ್ನು ಲೆಕ್ಕ ಹಾಕಿ ನೋಡಬಹುದು.

ಆದರೆ ಪಟ್ಟಿಯಲ್ಲಿರುವ ವಾಲೆಟ್ ಯಾರದು? ಸಾವಿರ ಟಿಕೆಟ್‌ಗಳಲ್ಲಿ ಐನೂರು ನಡೆಸುವವನದೇ ಇರಬಹುದು. ವಾಲೆಟ್ ವಿಳಾಸ ನೋಡಿದರೆ ಹೆಸರು ಗೊತ್ತಾಗೋದಿಲ್ಲ. ಕೂಡಿದ ಹಣದ ಕೀ ಒಬ್ಬನ ಕೈಯಲ್ಲಿದ್ದರೆ, ಅವನು ಓಡಿ ಹೋದದ್ದೂ ಬ್ಲಾಕ್‌ಚೈನ್ ಮೇಲೆ ಪಾರದರ್ಶಕವಾಗಿ ಕಾಣುತ್ತದೆ, ಅಷ್ಟೇ!

ಕೋಡ್ ಬರೆದವನನ್ನು ಯಾರು ನೋಡಬೇಕು ಅನ್ನೋದೂ ದೊಡ್ಡ ಪ್ರಶ್ನೆ. ಅಮೆರಿಕದ ಎಡ್ಡಿ ಟಿಪ್ಟನ್ ಹಲವು ರಾಜ್ಯಗಳ ಲಾಟರಿ ಸಂಸ್ಥೆಯಲ್ಲಿ ಮಾಹಿತಿ ಭದ್ರತೆಯ ಮುಖ್ಯಸ್ಥನಾಗಿದ್ದ. ವರ್ಷದ ಕೆಲವೇ ದಿನ ನಂಬರ್ ಊಹಿಸಲು ಆಗುವಂತೆ ಕೋಡಿನಲ್ಲಿ ಕೈಯಾಡಿಸಿದ್ದ. 2017ರಲ್ಲಿ ಅವನಿಗೆ 25 ವರ್ಷದವರೆಗಿನ ಶಿಕ್ಷೆ ಆಯ್ತು. ಕಾವಲುಗಾರನೇ ಕಳ್ಳ!

ಇದಕ್ಕೆ ಹೋಲಿಸಿದರೆ ನಮ್ಮ ಹಳೇ ಚೀಟಿಯ ಕಾನೂನು ಬುದ್ಧಿವಂತಿಕೆಯದು. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನೋಂದಣಿ ಆಗಬೇಕು, ನಡೆಸುವವರು ಭದ್ರತೆ ಇಡಬೇಕು, ಕನಿಷ್ಠ ಇಬ್ಬರು ಸದಸ್ಯರ ಎದುರು ಡ್ರಾ ಆಗಬೇಕು, ನಡಾವಳಿ ಬರೆದು ಸಹಿ ಹಾಕಬೇಕು. ನಡೆಸುವವರ ಕಮಿಷನ್‌ಗೂ ಮಿತಿ ಇದೆ: ಮೊದಲು 5%, 2019ರ ತಿದ್ದುಪಡಿಯ ನಂತರ 7%. ಮೇಲಾಗಿ ಚೀಟಿಯಲ್ಲಿ ತಡವಾದರೂ ಎಲ್ಲರ ಸರದಿ ಬರುತ್ತದೆ. ಲಾಟರಿಯಲ್ಲಿ ಒಬ್ಬರು ಗೆಲ್ಲಬೇಕಾದ್ರೆ ಉಳಿದವರು ಸೋಲಲೇಬೇಕು.

ಇನ್ನೊಂದು ಮಾತು. ಕರ್ನಾಟಕದಲ್ಲಿ ಲಾಟರಿ ನಿಂತದ್ದು 2007ರಲ್ಲಿ, ನಾವು ಹುಟ್ಟಿದ ಆಸುಪಾಸಿನಲ್ಲಿ. ದಿನಗೂಲಿಯ ದುಡ್ಡು ಟಿಕೆಟ್‌ಗೆ ಹೋಗುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಅನುಮತಿ ಇಲ್ಲದೆ ಲಾಟರಿ ನಡೆಸೋದು ಅಪರಾಧ. 2022ರಿಂದ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ ಇದೆಯಲ್ಲ ಅಂತ ಕೆಲವರು ವಾದ ಮಾಡ್ತಾರೆ. ತೆರಿಗೆ ಇದೆ ಅಂದ ಮಾತ್ರಕ್ಕೆ ಲಾಟರಿಗೆ ಪರವಾನಗಿ ಸಿಕ್ಕಂತಲ್ಲ.

ಹಾಗಾಗಿ ಕ್ರಿಪ್ಟೊ ಲಾಟರಿಯಿಂದ ದೂರ ಇರೋಣ ಅನ್ನೋದೇ ನಮ್ಮ ನಿಲುವು. ಆದರೆ ಅದರ ಒಳ್ಳೆಯ ಪಾಠವನ್ನು ಬಿಡೋದು ಬೇಡ. ಸೋತವರಿಗೂ ಲೆಕ್ಕ ಪರೀಕ್ಷಿಸಲು ಆಗಬೇಕು, ಅದೇ ನ್ಯಾಯದ ಡ್ರಾ. ಕಾಲೇಜಿನಲ್ಲಿ ಯಾರಿಗೆ ಮೊದಲ ಸರದಿ ಅಂತ ಚೀಟಿ ಎತ್ತುವಾಗಲೂ ಹಾಗೇ ಮಾಡೋಣ.

ಊರಿಗೆ ಹೋದಾಗ ಮನೆಯವರು “ನೀ ಕಂಪ್ಯೂಟರ್ ಓದಾಂವ, ಇದಕ್ಕ ರೊಕ್ಕ ಹಾಕಬಹುದೇನು?” ಅಂತ ನಮ್ಮನ್ನೇ ಕೇಳ್ತಾರೆ. ನಾವು ತಿರುಗಿ ಮೂರು ಪ್ರಶ್ನೆ ಕೇಳೋಣ: ಪಟ್ಟಿ ಎಲ್ಲಿದೆ? ಕೀ ಯಾರ ಹತ್ತಿರ ಇದೆ? ಮೋಸ ಆದ್ರೆ ಯಾರ ಮನೆ ಬಾಗಿಲು ಬಡಿಯಬೇಕು?