ನಾಲ್ಕು ಮಕ್ಕಳ ಲೆಕ್ಕ

ಮಕ್ಕಳೇ, ಬೆಂಗಳೂರಿನ ನಮ್ಮ ಬೀದಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಈಗ ಇರುವುದು 64 ಮಕ್ಕಳು. ತರಗತಿ ಐದು, ಶಿಕ್ಷಕರು ಮೂವರು.

ಹೂ ಮಾರುವ ತಾಯಿ ಹೇಳುತ್ತಾಳೆ: "ಒಬ್ಬರೇ ಟೀಚರ್ ಎರಡು ಕ್ಲಾಸ್ ನೋಡ್ತಾರೆ ಸಾರ್. ಮಗಳು ಮೂರನೇ ಕ್ಲಾಸು, ಇನ್ನೂ ತಡವರಿಸಿ ಓದ್ತಾಳೆ. ಸಾಲ ಮಾಡಿಯಾದ್ರೂ ಕಾನ್ವೆಂಟಿಗೆ ಹಾಕ್ತೀನಿ."

ಆಟೋ ಓಡಿಸುವ ತಂದೆಯದು ಬೇರೆ ಮಾತು: "ಫೀಸಿಲ್ಲ. ಪುಸ್ತಕ, ಹಾಲು, ಊಟ ಎಲ್ಲಾ ಅಲ್ಲೇ. ಎಲ್ರೂ ಬಿಟ್ಟು ಹೋದ್ರೆ ಇರೋರ ಗತಿ ಏನು ಸಾರ್?"

ಇಬ್ಬರದೂ ನಿಜವೇ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು, ಲೆಕ್ಕ ಹಾಕಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಐದನೇ ತರಗತಿವರೆಗೆ 60 ಮಕ್ಕಳ ತನಕ 2 ಶಿಕ್ಷಕರು, 61ರಿಂದ 90ಕ್ಕೆ 3. ಅಂದರೆ ನಾಲ್ಕೇ ಮಕ್ಕಳು ಬಿಟ್ಟರೂ ಮೂರನೆಯ ಹುದ್ದೆಗೆ ಕುತ್ತು. ಆಗ ಓದು ಇನ್ನಷ್ಟು ಸೊರಗುತ್ತದೆ, ಮತ್ತೆ ನಾಲ್ವರು ಹೊರಡುತ್ತಾರೆ. ಒಬ್ಬರನ್ನು ನೋಡಿ ಒಬ್ಬರು ಠೇವಣಿ ತೆಗೆದರೆ ಗಟ್ಟಿ ಬ್ಯಾಂಕೂ ನಡುಗುವುದಿಲ್ಲವೇ, ಹಾಗೆ.

ಆದರೆ ಶಾಲೆ ಉಳಿಯಲೆಂದು ಆ ಹುಡುಗಿಯ ಓದು ಕೆಡಬಾರದು. ಅದೇ ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು. ಇಬ್ಬರೂ ಒಟ್ಟಾಗಿ ಸಮಿತಿಯ ಮುಂದೆ ಹೋಗಿ, ಹಿಂದುಳಿದ ಮಕ್ಕಳಿಗೆ ಏನು ಮಾಡುತ್ತೀರಿ ಎಂದು ಕೇಳಿ ಎಂದಿದ್ದೇನೆ.

ಅಜ್ಜ ಅಜ್ಜಿಯರೇ, ನಾವು ಸಂಜೆ ಅರ್ಧ ಗಂಟೆ ಪಕ್ಕದ ಮನೆಯ ಮಗುವಿನಿಂದ ಒಂದು ಪುಟ ಓದಿಸಿ ಕೇಳೋಣ. ಅದಕ್ಕೆ ಯಾವ ಸಮಿತಿಯ ಠರಾವೂ ಬೇಕಿಲ್ಲ.